ಕ್ರಿಪ್ಟೋ ಮಾರಿ ಬೆಂಗಳೂರಿನಲ್ಲಿ ಮನೆ ಕೊಳ್ಳುವುದು: ತೆರಿಗೆಯಿಂದ ನೋಂದಣಿವರೆಗೆ ಪೂರ್ತಿ ಲೆಕ್ಕ

ಚಿಕ್ಕಪ್ಪನ ಮಗನ ಜೊತೆ ಉತ್ತರಹಳ್ಳಿ ಕಡೆ ಫ್ಲ್ಯಾಟ್ ನೋಡಲು ಹೋಗಿದ್ದೆ. ಅವನ ಹತ್ತಿರ 2017 ರಿಂದ ಸ್ವಲ್ಪ ಬಿಟ್‌ಕಾಯಿನ್ ಇದೆ, ಅದು ಬ್ರೋಕರ್ ಕಿವಿಗೆ ಹೇಗೋ ಬಿದ್ದಿತ್ತು. "ಅದನ್ನೇ ಸೀದಾ ಓನರ್‌ಗೆ ಕಳಿಸಿಬಿಡಿ ಸಾರ್, ಟ್ಯಾಕ್ಸೂ ಇಲ್ಲ, ಗಲಾಟೆನೂ ಇಲ್ಲ" ಅಂದ. ಟ್ಯಾಕ್ಸೂ ಇದೆ, ಗಲಾಟೆನೂ ಇದೆ. ಅದನ್ನು ನಾವು ತಿಳಿದುಕೊಂಡಿದ್ದು ಆಮೇಲೆ, ಸ್ವಲ್ಪ ದುಬಾರಿ ದಾರಿಯಲ್ಲಿ.

ನೀವೂ ಕ್ರಿಪ್ಟೋ ದುಡ್ಡಿನಲ್ಲಿ ಮನೆ ಮಾಡುವ ಯೋಚನೆಯಲ್ಲಿದ್ದರೆ ಟೋಕನ್ ಅಡ್ವಾನ್ಸ್ ಕೊಡುವ ಮೊದಲೇ ಇದನ್ನು ಓದಿ. ಕರ್ನಾಟಕದಲ್ಲಿ ಮನೆ ಕೊಳ್ಳುವ, ಇಲ್ಲೇ ತೆರಿಗೆ ಕಟ್ಟುವ ಸಂಬಳದಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕೊನೆಗೆ ವಿದೇಶದಲ್ಲಿರುವ ನಮ್ಮವರಿಗೂ ನಾಲ್ಕು ಮಾತು ಇದೆ.

ಮೊದಲೇ ಒಂದು ವಿಷಯ. ನಾನು ಹೇಳುವ ಸೆಕ್ಷನ್ ಮತ್ತು ಫಾರಂ ನಂಬರ್‌ಗಳು 1961 ರ ಆದಾಯ ತೆರಿಗೆ ಕಾಯ್ದೆಯವು, ಯಾಕಂದ್ರೆ ಆಡಿಟರ್‌ಗಳ ಬಾಯಲ್ಲಿ ಈಗಲೂ ಅವೇ ಓಡಾಡುತ್ತಿವೆ. 1 ಏಪ್ರಿಲ್ 2026 ರಿಂದ 2025 ರ ಹೊಸ ಕಾಯ್ದೆ ಬಂದು ನಂಬರ್‌ಗಳು ಬದಲಾಗಿವೆ. ಕ್ರಿಪ್ಟೋ ಮೇಲಿನ ಶೇ. 30 ತೆರಿಗೆ, ಶೇ. 1 ಟಿಡಿಎಸ್ ಎರಡೂ ಹಾಗೇ ಉಳಿದಿವೆ.

ಹೆಜ್ಜೆ 1: "ಸೀದಾ ಕ್ರಿಪ್ಟೋ ಕೊಡುವುದು" ತಲೆಯಿಂದ ತೆಗೆದುಹಾಕಿ

ನಮ್ಮಲ್ಲಿ ಕ್ರಿಪ್ಟೋ ಇಟ್ಟುಕೊಳ್ಳುವುದು ಅಪರಾಧವಲ್ಲ. ಬ್ಯಾಂಕುಗಳು ಕ್ರಿಪ್ಟೋ ವ್ಯವಹಾರ ಮುಟ್ಟಬಾರದು ಎಂದು ರಿಸರ್ವ್ ಬ್ಯಾಂಕ್ 2018 ರ ಏಪ್ರಿಲ್‌ನಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 4 ಮಾರ್ಚ್ 2020 ರಂದು ರದ್ದು ಮಾಡಿತು. ಕ್ರಿಪ್ಟೋ ಕೂಡ ಒಂದು ಬಗೆಯ ಆಸ್ತಿಯೇ ಎಂದು ಮದ್ರಾಸ್ ಹೈಕೋರ್ಟ್ 2025 ರ ಅಕ್ಟೋಬರ್‌ನಲ್ಲಿ ಹೇಳಿತು. ಆಸ್ತಿ ಹೌದು, ಆದರೆ ಹಣ ಅಲ್ಲ. ಮನೆ ವ್ಯವಹಾರದಲ್ಲಿ ತೊಡಕು ಶುರುವಾಗುವುದೇ ಇಲ್ಲಿ.

1882 ರ ಆಸ್ತಿ ವರ್ಗಾವಣೆ ಕಾಯ್ದೆಯ 54 ನೇ ಸೆಕ್ಷನ್ ಪ್ರಕಾರ ಕ್ರಯ ಅಂದರೆ ಬೆಲೆ ಕೊಟ್ಟು ಮಾಲೀಕತ್ವ ಪಡೆಯುವುದು, ಬೆಲೆ ಅಂದರೆ ದುಡ್ಡು. ಬಿಟ್‌ಕಾಯಿನ್ ಕೊಟ್ಟು ಮನೆ ತಗೊಂಡರೆ ಅದು ಕ್ರಯ ಆಗುವುದಿಲ್ಲ, 118 ನೇ ಸೆಕ್ಷನ್‌ನ ವಿನಿಮಯ ಆಗುತ್ತದೆ. ಸೈಟು ಕೊಟ್ಟು ಸೈಟು ತಗೊಂಡ ಹಾಗೆ. ಕ್ರಯಪತ್ರದಲ್ಲಿ ಚೆಕ್ ನಂಬರ್ ಅಥವಾ ಆರ್‌ಟಿಜಿಎಸ್‌ನ ಯುಟಿಆರ್ ನಂಬರ್ ಬರೆಯುವ ಜಾಗದಲ್ಲಿ ವಾಲೆಟ್ (ಕ್ರಿಪ್ಟೋ ಇಡುವ ಡಿಜಿಟಲ್ ಚೀಲ) ವಿಳಾಸ ಬರೆದುಕೊಂಡು ಹೋದರೆ ಸಬ್‌ರಿಜಿಸ್ಟ್ರಾರ್ ಮುಖ ಹೇಗಿರುತ್ತದೆ ಎಂದು ನೀವೇ ಊಹಿಸಿ. ಬ್ಯಾಂಕ್ ಸಾಲ ಇದ್ದರಂತೂ ಅವರ ಲಾಯರ್ ಮೊದಲ ಪುಟದಲ್ಲೇ ನಿಲ್ಲಿಸುತ್ತಾರೆ.

ಟ್ಯಾಕ್ಸ್ ಇಲ್ಲ ಅನ್ನುವುದೂ ಸುಳ್ಳು. ಕಾನೂನು ಕೇಳುವುದು ನೀವು ಕ್ರಿಪ್ಟೋವನ್ನು ವರ್ಗಾವಣೆ ಮಾಡಿದ್ರಾ ಅಂತ. ರೂಪಾಯಿಗೆ ಮಾರಿ, ಇನ್ನೊಂದು ಕಾಯಿನ್‌ಗೆ ಬದಲಾಯಿಸಿ, ಮನೆಗೆ ಕೊಡಿ, ಎಲ್ಲದಕ್ಕೂ ಅದೇ ಶೇ. 30. ಸೀದಾ ಕೊಟ್ಟರೆ ಟಿಡಿಎಸ್ ಎರಡು ಕಡೆ ಬೀಳುತ್ತದೆ: ಕ್ರಿಪ್ಟೋ ಪಡೆಯುವ ಮನೆ ಮಾಲೀಕರು ಅದರ ಶೇ. 1 ನೋಡಿಕೊಳ್ಳಬೇಕು, ಮನೆ 50 ಲಕ್ಷದ್ದೋ ಅದಕ್ಕಿಂತ ಜಾಸ್ತಿಯದ್ದೋ ಆದರೆ ನೀವು ಆಸ್ತಿಯ ಶೇ. 1 ನೋಡಿಕೊಳ್ಳಬೇಕು. ಇಬ್ಬರ ಕೈಯಲ್ಲೂ ರೂಪಾಯಿ ಇಲ್ಲ, ಕಟ್ಟಬೇಕಾದ್ದು ಮಾತ್ರ ರೂಪಾಯಿಯಲ್ಲಿ!

ಹಾಗಾಗಿ ಮಾಡಬಹುದಾದ ದಾರಿ ಒಂದೇ. ಕ್ರಿಪ್ಟೋ ಮಾರಿ, ರೂಪಾಯಿ ಬ್ಯಾಂಕಿಗೆ ತಂದು, ತೆರಿಗೆ ಪಕ್ಕಕ್ಕೆ ಎತ್ತಿಟ್ಟು, ಉಳಿದದ್ದರಲ್ಲಿ ಮನೆ ಕೊಳ್ಳುವುದು.

ಇನ್ನೊಂದು ಬಲೆ ಇದೆ. ಬೆಲೆಯನ್ನು ಕಾಗದದಲ್ಲಿ ಕಡಿಮೆ ತೋರಿಸಿ "ಮೇಲಿನದ್ದು ಯುಎಸ್‌ಡಿಟಿಯಲ್ಲಿ ಕೊಡಿ" ಎಂದು ಕೇಳುವ ಮಾಲೀಕರು ಈಗ ಸಿಗುತ್ತಿದ್ದಾರೆ. ಯುಎಸ್‌ಡಿಟಿ ಅಂದರೆ ಡಾಲರ್ ಬೆಲೆಗೆ ಕಟ್ಟಿದ ಒಂದು ಕ್ರಿಪ್ಟೋ. ಹಳೇ ಬ್ಲ್ಯಾಕ್ ವ್ಯವಹಾರಕ್ಕೆ ಹೊಸ ಅಂಗಿ, ಅಷ್ಟೇ. ಆದರೆ ನೋಟಿನ ಕಂತೆಗೆ ಗುರುತು ಇರುವುದಿಲ್ಲ, ಯುಎಸ್‌ಡಿಟಿ ಕಳಿಸಿದ್ದು ಬ್ಲಾಕ್‌ಚೈನ್ ಎಂಬ ಅಳಿಸಲಾಗದ ಲೆಕ್ಕದ ಪುಸ್ತಕದಲ್ಲಿ ಯಾವತ್ತಿಗೂ ಇರುತ್ತದೆ. ಅದರ ಮೇಲೆ ನಿಮಗೆ ಶೇ. 30 ತೆರಿಗೆ ಹೇಗೂ ಬರುತ್ತದೆ. ಮುಂದೆ ಆ ಮನೆ ಮಾರುವಾಗ ಅಷ್ಟು ದುಡ್ಡನ್ನು ನಿಮ್ಮ ಖರ್ಚು ಎಂದು ತೋರಿಸಲೂ ಆಗುವುದಿಲ್ಲ. ಲಾಭವೆಲ್ಲ ಮಾರುವವರಿಗೆ, ತಲೆನೋವೆಲ್ಲ ನಿಮಗೆ.

ಹೆಜ್ಜೆ 2: ಹಳೇ ಲೆಕ್ಕ ಕೆದಕಿ

ಎಷ್ಟಕ್ಕೆ ಕೊಂಡಿದ್ದೀರಿ ಎನ್ನುವುದಕ್ಕೆ ಕಾಗದ ಇಲ್ಲದಿದ್ದರೆ ಮಾರಿದ ಪೂರ್ತಿ ಮೊತ್ತವೇ ಲಾಭ ಎಂದು ಇಲಾಖೆ ಹಿಡಿಯಬಹುದು. ಎಕ್ಸ್‌ಚೇಂಜ್‌ಗೆ, ಅಂದರೆ ನೀವು ಕ್ರಿಪ್ಟೋ ಕೊಂಡು ಮಾರುವ ಆ್ಯಪ್‌ಗೆ, ಲಾಗಿನ್ ಆಗಿ ಶುರುವಿನಿಂದ ಇವತ್ತಿನವರೆಗಿನ ಟ್ರೇಡ್ ಹಿಸ್ಟರಿ, ಡೆಪಾಸಿಟ್, ವಿಥ್‌ಡ್ರಾ ಎಲ್ಲದರ ಫೈಲ್ ಇಳಿಸಿಕೊಳ್ಳಿ. ಎಕ್ಸ್‌ಚೇಂಜ್‌ಗಳು ಮುಚ್ಚುತ್ತವೆ, ಕೈ ಬದಲಾಗುತ್ತವೆ, ಹಳೇ ಇ-ಮೇಲ್ ಪಾಸ್‌ವರ್ಡ್ ಮರೆತುಹೋಗಿರುತ್ತದೆ. ನಮ್ಮ ಹುಡುಗ 2017 ರ ಖರೀದಿಗೆ ಪುರಾವೆ ಹುಡುಕಿದ್ದು ಹಳೇ ಸಂಬಳದ ಖಾತೆಯ ಪಾಸ್‌ಬುಕ್‌ನಲ್ಲಿ. ಅದನ್ನು ಅವನ ಅಮ್ಮ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟಿದ್ದರು. ಒಂದೊಂದು ಸಲ ಐದು ಸಾವಿರ, ಎಂಟು ಸಾವಿರ ಹೋಗಿದ್ದ ನಮೂದುಗಳು, ಪಕ್ಕದಲ್ಲಿ ಎಕ್ಸ್‌ಚೇಂಜ್ ಹೆಸರು. ಅಷ್ಟು ಸಾಕಾಯಿತು.

ಯಾವುದು ಮೊದಲು ಕೊಂಡದ್ದೋ ಅದನ್ನೇ ಮೊದಲು ಮಾರಿದ್ದು ಎಂಬ ಕ್ರಮ ಇಟ್ಟುಕೊಳ್ಳಿ. ವರ್ಷಕ್ಕೊಂದು ಲೆಕ್ಕ ಬದಲಾಯಿಸಬೇಡಿ. ನೀವೇ ಮೈನಿಂಗ್ ಮಾಡಿ, ಅಂದರೆ ಕಂಪ್ಯೂಟರ್ ಓಡಿಸಿ ಗಳಿಸಿದ್ದಾದರೆ ಯಂತ್ರದ ಬೆಲೆ, ಕರೆಂಟ್ ಬಿಲ್ ಯಾವುದನ್ನೂ ಖರೀದಿ ಬೆಲೆ ಎಂದು ತೋರಿಸುವಂತಿಲ್ಲ. ಇದನ್ನು ಹಣಕಾಸು ಸಚಿವಾಲಯ 2022 ರಲ್ಲೇ ಸ್ಪಷ್ಟ ಮಾಡಿದೆ.

ಹೆಜ್ಜೆ 3: ಎಷ್ಟು ಮಾರಿದರೆ ಎಷ್ಟು ಕೈಗೆ?

ಜನ ಜಾಸ್ತಿ ಎಡವುವುದು ಇಲ್ಲಿ. 115ಬಿಬಿಎಚ್ ಸೆಕ್ಷನ್ 1 ಏಪ್ರಿಲ್ 2022 ರಿಂದ ಇದೆ. ಲಾಭದ ಮೇಲೆ ಶೇ. 30, ಆ ತೆರಿಗೆಯ ಮೇಲೆ ಶೇ. 4 ಸೆಸ್. ಒಟ್ಟು ಶೇ. 31.2. ಇದರಲ್ಲಿ ಕಳೆಯಲು ಬಿಡುವುದು ಕೊಂಡ ಬೆಲೆ ಒಂದನ್ನೇ. ಮಾರುವಾಗಿನ ಕಮಿಷನ್, ನೆಟ್‌ವರ್ಕ್ ಶುಲ್ಕ, ಆಡಿಟರ್ ಫೀಸು ಯಾವುದೂ ಇಲ್ಲ. ಎಂಟು ವರ್ಷ ಇಟ್ಟುಕೊಂಡಿರಿ, ಎಂಟು ದಿನ ಇಟ್ಟುಕೊಂಡಿರಿ, ದರ ಒಂದೇ. ಬೇರೆ ಆದಾಯವೇ ಇಲ್ಲದ ಗೃಹಿಣಿ ಮಾರಿದರೂ ಮೊದಲ ರೂಪಾಯಿಯಿಂದಲೇ ಶೇ. 30.

ನಷ್ಟದ ನಿಯಮ ಇನ್ನೂ ಕಟು. ಬಿಟ್‌ಕಾಯಿನ್‌ನಲ್ಲಿ ಹತ್ತು ಲಕ್ಷ ಲಾಭ, ಯಾವುದೋ ಮೀಮ್ ಕಾಯಿನ್‌ನಲ್ಲಿ ಹತ್ತು ಲಕ್ಷ ನಷ್ಟ ಅಂದ್ಕೊಳ್ಳಿ. ನಿಮ್ಮ ಜೇಬಿಗೆ ಬಂದದ್ದು ಸೊನ್ನೆ. ಆದರೂ ತೆರಿಗೆ 3.12 ಲಕ್ಷ. ಆ ನಷ್ಟವನ್ನು ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿರುವವರು ಗೃಹಸಾಲದ ಬಡ್ಡಿಯನ್ನು ಸಂಬಳಕ್ಕೆ ಹೊಂದಿಸಿಕೊಳ್ಳಬಹುದು, ಕ್ರಿಪ್ಟೋ ಲಾಭಕ್ಕೆ ಹೊಂದಿಸುವಂತಿಲ್ಲ.

ಮನೆ ಕೊಳ್ಳುವವರೆಲ್ಲ ಕೇಳುವ ಪ್ರಶ್ನೆ: "54ಎಫ್ ಇದೆಯಲ್ಲ? ಶೇರು, ಚಿನ್ನ ಮಾರಿ ಮನೆಗೆ ಹಾಕಿದರೆ ತೆರಿಗೆ ಬೀಳಲ್ಲ ಅಲ್ವಾ?" ಶೇರಿಗೆ, ಚಿನ್ನಕ್ಕೆ ಷರತ್ತುಗಳ ಜೊತೆ ಅದು ನಿಜ. ಕ್ರಿಪ್ಟೋಗೆ ಈ ಬಾಗಿಲು ಮುಚ್ಚಿದೆ. 2022 ರ ಏಪ್ರಿಲ್‌ಗೆ ಮೊದಲು ಮಾರಿದವರ ಕಥೆ ಬೇರೆ. ಅಂಥ ಹಳೇ ಮಾರಾಟವೊಂದರಲ್ಲಿ ಲಾಭವನ್ನು ದೀರ್ಘಾವಧಿ ಬಂಡವಾಳ ಲಾಭ ಎಂದೇ ನೋಡಬೇಕು ಎಂದು ಜೋಧ್‌ಪುರದ ಆದಾಯ ತೆರಿಗೆ ನ್ಯಾಯಮಂಡಳಿ ಹೇಳಿದೆ. ಆ ತೀರ್ಪಿನ ವಾಟ್ಸ್ಯಾಪ್ ಫಾರ್ವರ್ಡ್ ಹಿಡಿದುಕೊಂಡು ಈಗ ಮಾರುವವರು ಖುಷಿಪಡುವಂತಿಲ್ಲ.

ಈಗ ಲೆಕ್ಕ. ಡೌನ್ ಪೇಮೆಂಟ್‌ಗೆ ನಿಮಗೆ 30 ಲಕ್ಷ ಬೇಕು. ಕೊಂಡ ಬೆಲೆ ಈಗಿನ ಬೆಲೆಯ ಹತ್ತನೇ ಒಂದು ಭಾಗ ಅಂದುಕೊಳ್ಳೋಣ. ಮಾರಿದ ನೂರು ರೂಪಾಯಿಯಲ್ಲಿ 90 ಲಾಭ, ಅದರ ಶೇ. 31.2 ಅಂದರೆ 28 ರೂಪಾಯಿ 8 ಪೈಸೆ ತೆರಿಗೆ. ನಿಮಗೆ ಉಳಿಯುವುದು 71.92. ಮೂವತ್ತು ಲಕ್ಷ ಉಳಿಯಬೇಕಾದರೆ ಸುಮಾರು 41.7 ಲಕ್ಷದಷ್ಟು ಮಾರಬೇಕು. ಕೊಂಡ ಬೆಲೆ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ ಅಥವಾ ಪುರಾವೆಯೇ ಇಲ್ಲ ಅಂದರೆ 43.6 ಲಕ್ಷ. ಆ್ಯಪ್‌ನಲ್ಲಿ ಕಾಣುವ ದೊಡ್ಡ ಅಂಕಿಯಲ್ಲಿ ಮೂರನೇ ಒಂದು ಭಾಗದ ಹತ್ತಿರ ನಿಮ್ಮದಲ್ಲ ಎಂದುಕೊಂಡೇ ಮನೆ ಹುಡುಕಿ.

ಹೆಜ್ಜೆ 4: ಯಾವಾಗ ಮಾರಬೇಕು, ಮಾರ್ಚ್ ಮತ್ತು ಏಪ್ರಿಲ್‌ನ ಆಟ

ಒಟ್ಟು ಆದಾಯ 50 ಲಕ್ಷ ದಾಟಿದರೆ ತೆರಿಗೆಯ ಮೇಲೆ ಶೇ. 10 ಸರ್ಚಾರ್ಜ್. ಒಂದು ಕೋಟಿ ದಾಟಿದರೆ ಶೇ. 15, ಎರಡು ಕೋಟಿ ದಾಟಿದರೆ ಶೇ. 25. ಇದು ಕ್ರಿಪ್ಟೋ ತೆರಿಗೆಗೆ ಮಾತ್ರ ಅಲ್ಲ, ಸಂಬಳದ ತೆರಿಗೆಗೂ ಬೀಳುತ್ತದೆ.

ವರ್ಷಕ್ಕೆ 18 ಲಕ್ಷ ಸಂಬಳದ ಒಬ್ಬರನ್ನು ತಗೊಳ್ಳಿ, ಹೊಸ ತೆರಿಗೆ ಪದ್ಧತಿ. 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 17.25 ಲಕ್ಷ, 2025-26 ರ ದರದಲ್ಲಿ ತೆರಿಗೆ 1.45 ಲಕ್ಷ. ಅದೇ ವರ್ಷ ಕ್ರಿಪ್ಟೋದಲ್ಲಿ 40 ಲಕ್ಷ ಲಾಭ ಮಾಡಿದರೆ ಅದಕ್ಕೆ 12 ಲಕ್ಷ. ಒಟ್ಟು ಆದಾಯ 57.25 ಲಕ್ಷ ಆಗಿ ಸರ್ಚಾರ್ಜ್ ಹತ್ತಿಕೊಳ್ಳುತ್ತದೆ. ಸೆಸ್ ಸೇರಿ ಪೂರ್ತಿ ತೆರಿಗೆ 15,38,680. ಇದೇ ಮನುಷ್ಯ ಅರ್ಧವನ್ನು ಮಾರ್ಚ್ ಕೊನೆ ವಾರ, ಇನ್ನರ್ಧವನ್ನು ಏಪ್ರಿಲ್ ಮೊದಲ ವಾರ ಮಾರಿದರೆ? ಎರಡೂ ವರ್ಷ ಆದಾಯ 37.25 ಲಕ್ಷ, ಸರ್ಚಾರ್ಜ್ ಇಲ್ಲ. ಸುಮಾರು 1.4 ಲಕ್ಷ ಉಳಿತಾಯ. ಮಾಡ್ಯುಲರ್ ಕಿಚನ್‌ನ ಅಡ್ವಾನ್ಸ್‌ಗೆ ಆಯ್ತು. ಇದರಲ್ಲಿ ಕಳ್ಳಾಟ ಏನೂ ಇಲ್ಲ, ಯಾವ ದಿನ ಮಾರಬೇಕು ಎನ್ನುವುದು ನಿಮ್ಮಿಷ್ಟ. ಆದರೆ ಆ ವಾರದಲ್ಲಿ ಬೆಲೆ ಬಿದ್ದರೆ ಉಳಿಸಿದ್ದು ಒಂದೇ ದಿನದಲ್ಲಿ ಹೋಗುತ್ತದೆ, ಅದೂ ಲೆಕ್ಕದಲ್ಲಿರಲಿ.

ನೋಂದಣಿ ದಿನಕ್ಕೆ ಒಂದು ವಾರ ಇರುವಾಗ ಮಾರೋಣ ಎಂದು ಕೂರಬೇಡಿ. ನನ್ನ ಅಭಿಪ್ರಾಯದಲ್ಲಿ ಅಗ್ರಿಮೆಂಟ್‌ಗೆ ಸಹಿ ಹಾಕುವ ಮೊದಲೇ ಡೌನ್ ಪೇಮೆಂಟ್‌ನಷ್ಟು ರೂಪಾಯಿ ಬ್ಯಾಂಕಿನಲ್ಲಿರಬೇಕು. ಅಗ್ರಿಮೆಂಟ್ ರೂಪಾಯಿಯಲ್ಲಿದ್ದು ದುಡ್ಡು ಬಿಟ್‌ಕಾಯಿನ್‌ನಲ್ಲಿದ್ದರೆ, ಬೆಲೆ ಶೇ. 20 ಕುಸಿದ ದಿನ ಅಡ್ವಾನ್ಸೂ ಹೋಗುತ್ತದೆ, ಮನೆಯೂ ಹೋಗುತ್ತದೆ. "ಇನ್ನೂ ಏರತ್ತೆ ಕಣೋ" ಎನ್ನುವ ಸ್ನೇಹಿತ ಆವತ್ತು ಫೋನ್ ಎತ್ತುವುದಿಲ್ಲ.

ಹೆಜ್ಜೆ 5: ಎಲ್ಲಿ ಮಾರಬೇಕು

ಹಣಕಾಸು ಗುಪ್ತಚರ ಘಟಕ, ಅಂದರೆ ಎಫ್‌ಐಯು, ಇದರಲ್ಲಿ ನೋಂದಾಯಿಸಿದ ಎಕ್ಸ್‌ಚೇಂಜ್‌ನಲ್ಲಿ ಮಾತ್ರ ಮಾರಿ. 7 ಮಾರ್ಚ್ 2023 ರ ಅಧಿಸೂಚನೆ ಎಕ್ಸ್‌ಚೇಂಜ್‌ಗಳನ್ನು ಅಕ್ರಮ ಹಣ ತಡೆ ಕಾಯ್ದೆಯ ಒಳಗೆ ತಂದಿತು. ನೋಂದಾಯಿಸಿದ ಕಡೆ ಮಾರಿದರೆ ಅವರೇ ಮಾರಾಟ ಮೊತ್ತದ ಶೇ. 1 ಟಿಡಿಎಸ್ ಕಡಿದು ನಿಮ್ಮ ಪ್ಯಾನ್‌ಗೆ ಕಟ್ಟುತ್ತಾರೆ. ಇದು 1 ಜುಲೈ 2022 ರಿಂದ ಇರುವ 194ಎಸ್. ಗಮನಿಸಿ, ಇದು ಲಾಭದ ಮೇಲಲ್ಲ, ಪೂರ್ತಿ ಮೊತ್ತದ ಮೇಲೆ. 41.7 ಲಕ್ಷಕ್ಕೆ 41,700. ಈ ದುಡ್ಡು ಎಲ್ಲೂ ಹೋಗುವುದಿಲ್ಲ, ಕೊನೆಯ ತೆರಿಗೆಯಲ್ಲಿ ವಜಾ ಆಗುತ್ತದೆ.

ಬಿಟ್‌ಕಾಯಿನ್‌ನ್ನು ಮೊದಲು ಯುಎಸ್‌ಡಿಟಿ ಮಾಡಿ ಆಮೇಲೆ ರೂಪಾಯಿ ಮಾಡುವ ಅಭ್ಯಾಸ ಬಹಳ ಜನಕ್ಕಿದೆ. ಅದು ಎರಡು ವರ್ಗಾವಣೆ, ಎರಡು ಸಲ ಟಿಡಿಎಸ್. ಸೀದಾ ರೂಪಾಯಿ ಮಾರುಕಟ್ಟೆಯಲ್ಲೇ ಮಾರಿ. ನಲವತ್ತು ಲಕ್ಷದ್ದನ್ನು ಒಂದೇ ಏಟಿಗೆ ಮಾರ್ಕೆಟ್ ಆರ್ಡರ್ (ಸಿಕ್ಕಿದ ರೇಟಿಗೆ ಮಾರುವುದು) ಹಾಕಬೇಡಿ, ಕೊಳ್ಳುವವರು ಕಡಿಮೆ ಇರುವ ಹೊತ್ತಿನಲ್ಲಿ ರೇಟು ಜಾರುತ್ತದೆ. ಎರಡು ಮೂರು ಲಕ್ಷದ ಲಿಮಿಟ್ ಆರ್ಡರ್ (ನೀವು ಹೇಳಿದ ರೇಟಿಗೆ ಮಾತ್ರ ಮಾರುವುದು) ಹಾಕುತ್ತಾ ಹೋಗಿ. ರೂಪಾಯಿ ತೆಗೆಯಲು ದಿನಕ್ಕೆ ಎಷ್ಟು ಮಿತಿ ಎಂದು ಮೊದಲೇ ನೋಡಿಕೊಳ್ಳಿ.

ಇನ್ನು ಟೆಲಿಗ್ರಾಂ ಗುಂಪಿನಲ್ಲಿ ಸಿಗುವ ಪಿಟುಪಿ, ಅಂದರೆ ಎಕ್ಸ್‌ಚೇಂಜ್ ಬಿಟ್ಟು ಸೀದಾ ಯಾರಿಗೋ ಮಾರುವುದು. ನಮ್ಮ ಹುಡುಗ ಬಹುತೇಕ ಎಲ್ಲವನ್ನೂ ನೆಟ್ಟಗೆ ಮಾಡಿದ. ಹಳೇ ವಾಲೆಟ್‌ನಲ್ಲಿ ಉಳಿದಿದ್ದ ಎರಡು ಲಕ್ಷದ ಯುಎಸ್‌ಡಿಟಿಯನ್ನು ಮಾತ್ರ, ಎರಡು ರೂಪಾಯಿ ರೇಟು ಜಾಸ್ತಿ ಸಿಗುತ್ತದೆ ಎಂದು, ಟೆಲಿಗ್ರಾಂನಲ್ಲಿ ಮಾರಿದ. ನಾಲ್ಕು ಬೇರೆ ಬೇರೆ ಖಾತೆಗಳಿಂದ ದುಡ್ಡು ಬಂತು. ಹನ್ನೊಂದು ದಿನ ಬಿಟ್ಟರೆ ನೋಂದಣಿ. ಒಂದು ಬೆಳಿಗ್ಗೆ ಹಾಲಿನ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದರೆ ಪೇಮೆಂಟ್ ಹೋಗುತ್ತಿಲ್ಲ. ಬ್ಯಾಂಕಿಗೆ ಹೋದರೆ ಖಾತೆ ಫ್ರೀಜ್. ಬಂದಿದ್ದ ನಾಲ್ಕು ಪೇಮೆಂಟ್‌ಗಳಲ್ಲಿ 48 ಸಾವಿರದ ಒಂದು, ಬೇರೆ ರಾಜ್ಯದಲ್ಲಿ ಯಾರೋ ಆನ್‌ಲೈನ್ ಮೋಸದಲ್ಲಿ ಕಳೆದುಕೊಂಡ ದುಡ್ಡು. ಅವರು 1930 ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದಾರೆ, ದುಡ್ಡಿನ ಜಾಡು ಹಿಡಿದು ನಿರ್ಬಂಧ ಇವನ ಖಾತೆಗೆ ಬಂದಿದೆ. ಡೌನ್ ಪೇಮೆಂಟ್‌ನ 14 ಲಕ್ಷ ಅದೇ ಖಾತೆಯಲ್ಲಿತ್ತು. ಮ್ಯಾನೇಜರ್ ಒಂದು ಚೀಟಿಯಲ್ಲಿ ದೂರಿನ ನಂಬರ್ ಬರೆದುಕೊಟ್ಟು "ಅಲ್ಲಿನ ಸ್ಟೇಷನ್‌ನಿಂದ ಲೆಟರ್ ತನ್ನಿ" ಅಂದರು. ಚಿಕ್ಕಮ್ಮ ಬಳೆ, ಎರಡೆಳೆ ಸರ ಬಿಚ್ಚಿಕೊಟ್ಟರು. ಗೋಲ್ಡ್ ಲೋನ್ ಮಾಡಿ, ನನ್ನ ಹತ್ತಿರ ಒಂದಿಷ್ಟು ಕೈಸಾಲ ಮಾಡಿ ನೋಂದಣಿ ಮುಗಿಸಿದ. ಖಾತೆ ಬಿಡಿಸಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಆ ಎರಡು ರೂಪಾಯಿ ರೇಟಿನ ಲಾಭ, ಬಳೆಯ ಬಡ್ಡಿಗೂ ಸಾಲಲಿಲ್ಲ.

ಅದಕ್ಕೇ ಹೇಳುವುದು, ಕ್ರಿಪ್ಟೋ ದುಡ್ಡು ಬರುವ ಖಾತೆ ಬೇರೆ, ಮನೆ ದುಡ್ಡು ಇಡುವ ಖಾತೆ ಬೇರೆ ಇರಲಿ. ಸಾಧ್ಯವಾದರೆ ಬೇರೆ ಬ್ಯಾಂಕ್.

ಹೆಜ್ಜೆ 6: ಸರ್ಕಾರದ ದುಡ್ಡು ಪಕ್ಕಕ್ಕೆ

ಎಕ್ಸ್‌ಚೇಂಜ್ ಶೇ. 1 ಮಾತ್ರ ಕಡಿಯುತ್ತದೆ. ಉಳಿದ ಶೇ. 30 ರಷ್ಟು ನಿಮ್ಮ ಖಾತೆಯಲ್ಲೇ ಕೂತು ಕಣ್ಣು ಹೊಡೆಯುತ್ತಿರುತ್ತದೆ. ಇಂಟೀರಿಯರ್‌ನವರು ಕೊಟೇಶನ್ ತಂದಾಗ ಕೈ ಅಲ್ಲಿಗೇ ಹೋಗುತ್ತದೆ. ಹಾಗಾಗಿ ದುಡ್ಡು ಬಂದ ದಿನವೇ ತೆರಿಗೆ ಪಾಲನ್ನು ಎಫ್‌ಡಿ ಮಾಡಿ, ಅಥವಾ ಇನ್ನೂ ಒಳ್ಳೆಯದು, ಮುಂಗಡ ತೆರಿಗೆ ಕಟ್ಟಿಬಿಡಿ.

ಮುಂಗಡ ತೆರಿಗೆ ಕಂತುಗಳು ಜೂನ್ 15 ಕ್ಕೆ ಶೇ. 15, ಸೆಪ್ಟೆಂಬರ್ 15 ಕ್ಕೆ ಶೇ. 45, ಡಿಸೆಂಬರ್ 15 ಕ್ಕೆ ಶೇ. 75, ಮಾರ್ಚ್ 15 ಕ್ಕೆ ಪೂರ್ತಿ. ತಡವಾದರೆ ತಿಂಗಳಿಗೆ ಶೇ. 1 ಬಡ್ಡಿ. ಮಾರ್ಚ್ ಕೊನೆ ವಾರ ಮಾರಿದವರು ಮಾರ್ಚ್ 31 ರ ಒಳಗೆ ಕಟ್ಟಿದರೂ ಅದು ಮುಂಗಡ ತೆರಿಗೆ ಎಂದೇ ಲೆಕ್ಕ. ಆದಾಯ ತೆರಿಗೆ ಪೋರ್ಟಲ್‌ನ ಇ-ಪೇ ಟ್ಯಾಕ್ಸ್‌ನಲ್ಲಿ ಹತ್ತು ನಿಮಿಷದ ಕೆಲಸ. ಸಂಬಳದವರಿಗೆ ಇನ್ನೊಂದು ಸುಲಭ ದಾರಿಯಿದೆ. ಆಫೀಸಿನಲ್ಲಿ ಬೇರೆ ಆದಾಯ ಎಂದು ತಿಳಿಸಿ ಸಂಬಳದಲ್ಲೇ ಟಿಡಿಎಸ್ ಜಾಸ್ತಿ ಕಡಿಸಿಕೊಳ್ಳಬಹುದು. ಆದರೆ ಎಚ್‌ಆರ್‌ಗೆ ನಮ್ಮ ಬಿಟ್‌ಕಾಯಿನ್ ಕಥೆ ಯಾಕೆ ಎಂದು ಬಹಳ ಜನ ಬಿಡುತ್ತಾರೆ, ನಾನೂ ಬಿಡುತ್ತಿದ್ದೆ.

ಹೆಂಡತಿ ಹೆಸರಿಗೆ ಕ್ರಿಪ್ಟೋ ದಾಟಿಸಿ ಅವರ ಕೈಯಲ್ಲಿ ಮಾರಿಸುವ ಐಡಿಯಾ ಎಲ್ಲರಿಗೂ ಒಮ್ಮೆ ಬರುತ್ತದೆ. ಗಂಡ ಹೆಂಡತಿ ನಡುವಿನ ಉಡುಗೊರೆಗೆ ತೆರಿಗೆ ಇಲ್ಲ, ನಿಜ. ಆದರೆ ಅದರಿಂದ ಬಂದ ಲಾಭ ಮತ್ತೆ ಕೊಟ್ಟವರ ಆದಾಯಕ್ಕೇ ಸೇರುತ್ತದೆ. ಸುಮ್ನೆ ಓಡಾಟ.

ಹೆಜ್ಜೆ 7: ಬ್ಯಾಂಕ್ ಮತ್ತು ಸಾಲ

ಸಾಲ ಕೊಡುವ ಬ್ಯಾಂಕ್ ನಿಮ್ಮ ಪಾಲಿನ ದುಡ್ಡು ಎಲ್ಲಿಂದ ಬಂತು ಎಂದು ಕೇಳುತ್ತದೆ. ಒಂದು ಫೈಲ್ ಮಾಡಿಟ್ಟುಕೊಳ್ಳಿ: ಕೊಂಡಾಗಿನ ಬ್ಯಾಂಕ್ ಸ್ಟೇಟ್‌ಮೆಂಟ್, ಎಕ್ಸ್‌ಚೇಂಜ್ ವರದಿ, ರೂಪಾಯಿ ಬಂದ ನಮೂದು, ಟಿಡಿಎಸ್ ಕಾಣುವ 26ಎಎಸ್, ಮುಂಗಡ ತೆರಿಗೆಯ ಚಲನ್. ಈ ಐದು ಒಂದಕ್ಕೊಂದು ತಾಳೆಯಾದರೆ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ. ಕ್ರಿಪ್ಟೋ ಅಡವಿಟ್ಟು ಗೃಹಸಾಲ ಕೊಡುವ ಪದ್ಧತಿ ನಮ್ಮ ಬ್ಯಾಂಕುಗಳಲ್ಲಿ ಇಲ್ಲ, ಅದನ್ನು ಕೇಳಿ ಹಲ್ಲು ಕಿಸಿಯುವ ಅವಕಾಶ ಕೊಡಬೇಡಿ.

ಹೆಜ್ಜೆ 8: ಮನೆ ಕಡೆಯ ಖರ್ಚು, ಟಿಡಿಎಸ್, ನೋಂದಣಿ

ಕರ್ನಾಟಕದಲ್ಲಿ 45 ಲಕ್ಷ ಮೇಲ್ಪಟ್ಟ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5. ನಗರದಲ್ಲಿ ಆ ಶುಲ್ಕದ ಮೇಲೆ ಶೇ. 10 ಸೆಸ್, ಶೇ. 2 ಸರ್ಚಾರ್ಜ್. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 31 ಆಗಸ್ಟ್ 2025 ರಿಂದ ಶೇ. 2. ಎಲ್ಲ ಸೇರಿ ಶೇ. 7.6. ಎಂಬತ್ತು ಲಕ್ಷದ ಫ್ಲ್ಯಾಟ್‌ಗೆ 6.08 ಲಕ್ಷ. ಹೆಜ್ಜೆ 3 ರ ಲೆಕ್ಕದಲ್ಲಿ ಇದನ್ನು ಸೇರಿಸಿಕೊಂಡಿದ್ರಾ? ನಾವೂ ಸೇರಿಸಿರಲಿಲ್ಲ. ಕಟ್ಟುತ್ತಿರುವ ಫ್ಲ್ಯಾಟ್ ಆದರೆ ಮೇಲೆ ಜಿಎಸ್‌ಟಿ ಶೇ. 5, ಕೈಗೆಟಕುವ ದರದ ವರ್ಗಕ್ಕೆ ಬಂದರೆ ಶೇ. 1. ಓಸಿ (ವಾಸಯೋಗ್ಯ ಪ್ರಮಾಣಪತ್ರ) ಸಿಕ್ಕಿ ಮುಗಿದಿರುವ ಮನೆಗೆ ಜಿಎಸ್‌ಟಿ ಇಲ್ಲ.

ಬೆಲೆ ಅಥವಾ ಸರ್ಕಾರ ಗೊತ್ತು ಮಾಡಿದ ಮಾರ್ಗಸೂಚಿ ದರ, ಎರಡರಲ್ಲಿ ಯಾವುದಾದರೂ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ. 1 ಕಡಿದು 26ಕ್ಯೂಬಿ ಫಾರಂನಲ್ಲಿ ಕಟ್ಟಬೇಕು. ಯಾವ ಮೊತ್ತ ಜಾಸ್ತಿಯೋ ಅದರ ಮೇಲೆ ಶೇ. 1. ಪಾರ್ಕಿಂಗ್, ಕ್ಲಬ್‌ಹೌಸ್ ದುಡ್ಡೂ ಬೆಲೆಯಲ್ಲೇ ಸೇರುತ್ತದೆ. ದುಡ್ಡು ಕೊಟ್ಟ ತಿಂಗಳು ಮುಗಿದ 30 ದಿನದೊಳಗೆ ಕಟ್ಟದಿದ್ದರೆ ದಿನಕ್ಕೆ 200 ರೂಪಾಯಿ ಶುಲ್ಕ, ಜೊತೆಗೆ ಬಡ್ಡಿ. ಗಂಡ ಹೆಂಡತಿ ಇಬ್ಬರೂ ಸೇರಿ ಕೊಂಡರೆ, ಮಾರುವವರೂ ಇಬ್ಬರಿದ್ದರೆ, ನಾಲ್ಕು ಫಾರಂ. ಮಾರುವವರ ಪ್ಯಾನ್ ಆಧಾರ್‌ಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ಶೇ. 1 ಹೋಗಿ ಶೇ. 20 ಆಗುತ್ತದೆ, ಇದನ್ನು ಅಡ್ವಾನ್ಸ್ ಕೊಡುವ ಮೊದಲೇ ನೋಡಿ. ಮಾರುವವರು ಅನಿವಾಸಿ ಆಗಿದ್ದರೆ ನಿಯಮವೇ ಬೇರೆ, ಟಿಡಿಎಸ್ ಬಹಳ ಜಾಸ್ತಿ. ಅಲ್ಲಿ ಆಡಿಟರ್ ಇಲ್ಲದೆ ಮುಂದೆ ಹೋಗಲೇಬೇಡಿ.

ಬೆಲೆ ಮಾರ್ಗಸೂಚಿ ದರಕ್ಕಿಂತ ತೀರಾ ಕಡಿಮೆ ಇದ್ದರೆ ಆ ವ್ಯತ್ಯಾಸ ನಿಮ್ಮ ಆದಾಯ ಎಂದು ತೆರಿಗೆ ಬೀಳುತ್ತದೆ. ಶೇ. 10 ರವರೆಗಿನ ವ್ಯತ್ಯಾಸಕ್ಕೆ ವಿನಾಯಿತಿ ಇದೆ.

ಉಳಿದದ್ದು ಎಲ್ಲರಿಗೂ ಇರುವ ಪಾಡು: ಮೂಲ ಕ್ರಯಪತ್ರದಿಂದ ಇಲ್ಲಿವರೆಗಿನ ಸರಪಳಿ, ಇಸಿ (ಋಣಭಾರ ಪತ್ರ), ಇ-ಖಾತೆ, ಕಾವೇರಿ 2.0 ರಲ್ಲಿ ಅರ್ಜಿ, ಖಜಾನೆ-2 ರಲ್ಲಿ ಶುಲ್ಕ, ಆಮೇಲೆ ಸಮಯ ಗೊತ್ತು ಮಾಡಿಕೊಂಡು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು, ಫೋಟೊ. ಕ್ರಯಪತ್ರದಲ್ಲಿ ಪ್ರತಿ ಪೇಮೆಂಟ್‌ನ ಯುಟಿಆರ್ ನಂಬರ್, ಟಿಡಿಎಸ್ ಚಲನ್ ನಂಬರ್ ಬರೆಸಿ. ಕ್ರಿಪ್ಟೋ ಎನ್ನುವ ಪದ ಕ್ರಯಪತ್ರದಲ್ಲಿ ಎಲ್ಲೂ ಬರುವ ಅಗತ್ಯವೇ ಇಲ್ಲ. ಅಲ್ಲಿ ಇರುವುದು ರೂಪಾಯಿ ಮಾತ್ರ.

ಹೆಜ್ಜೆ 9: ರಿಟರ್ನ್

ಐಟಿಆರ್-1 ರಲ್ಲಿ ಕ್ರಿಪ್ಟೋ ತೋರಿಸಲು ಜಾಗವಿಲ್ಲ. ಸಂಬಳದವರಿಗೆ ಐಟಿಆರ್-2, ವ್ಯಾಪಾರದ ಆದಾಯ ಇರುವವರಿಗೆ ಐಟಿಆರ್-3. ಅದರಲ್ಲಿ ವಿಡಿಎ ಎಂಬ ಶೆಡ್ಯೂಲ್ ಇದೆ, ವರ್ಚುವಲ್ ಡಿಜಿಟಲ್ ಅಸೆಟ್ ಎಂಬುದರ ಚಿಕ್ಕ ರೂಪ. ಪ್ರತಿ ಮಾರಾಟಕ್ಕೂ ಒಂದು ಸಾಲು: ಕೊಂಡ ದಿನ, ಮಾರಿದ ದಿನ, ಕೊಂಡ ಬೆಲೆ, ಮಾರಿದ ಬೆಲೆ. ಹೆಜ್ಜೆ 2 ರಲ್ಲಿ ಇಳಿಸಿಕೊಂಡ ಫೈಲ್ ಈಗ ಕೆಲಸಕ್ಕೆ ಬರುತ್ತದೆ. ನಷ್ಟದ ಸಾಲುಗಳನ್ನೂ ಹಾಕಿ, ಅಲ್ಲಿ ಲಾಭ ಸೊನ್ನೆ ಎಂದು ಬರುತ್ತದೆ.

ಮುಚ್ಚಿಡೋಣ ಎನ್ನುವವರಿಗೆ: ದೊಡ್ಡ ಮೊತ್ತದ ನೋಂದಣಿಯ ವಿವರ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಇಲಾಖೆಗೆ ಹೋಗುತ್ತದೆ. ಕ್ರಿಪ್ಟೋ ಟಿಡಿಎಸ್ ಎಕ್ಸ್‌ಚೇಂಜ್‌ನಿಂದ ಹೋಗುತ್ತದೆ. ಎರಡೂ ನಿಮ್ಮ ಪ್ಯಾನ್ ಕೆಳಗೆ, ಎಐಎಸ್‌ನ (ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ) ಒಂದೇ ಪುಟದಲ್ಲಿ ಅಕ್ಕಪಕ್ಕ ಕೂತಿರುತ್ತವೆ.

ವಿದೇಶದಲ್ಲಿರುವವರಿಗೆ, ದುಬೈ ಕನಸಿನವರಿಗೆ

ಅಮೆರಿಕದಲ್ಲಿರುವ ನಮ್ಮವರು ಊರಲ್ಲಿ ಫ್ಲ್ಯಾಟ್ ಕೊಳ್ಳುವಾಗ ಅಲ್ಲೇ ಕ್ರಿಪ್ಟೋ ಮಾರಿ, ಡಾಲರ್ ಮಾಡಿ, ಬ್ಯಾಂಕ್ ಮೂಲಕ ಕಳಿಸಬೇಕು. ಅನಿವಾಸಿಗಳು ಇಲ್ಲಿ ಆಸ್ತಿಗೆ ದುಡ್ಡು ಕೊಡಬೇಕಾದ್ದು ಬ್ಯಾಂಕ್ ಮೂಲಕ ಬಂದ ಹಣದಿಂದ, ಇಲ್ಲವೇ ಎನ್‌ಆರ್‌ಇ, ಎನ್‌ಆರ್‌ಒ, ಎಫ್‌ಸಿಎನ್‌ಆರ್ ಖಾತೆಯಿಂದ. ಅಲ್ಲಿನ ತೆರಿಗೆ ಇಲಾಖೆ 2014 ರಿಂದಲೇ ಕ್ರಿಪ್ಟೋವನ್ನು ಆಸ್ತಿ ಎಂದು ನೋಡುತ್ತದೆ. ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡು ಮಾರಿದರೆ ಫೆಡರಲ್ ತೆರಿಗೆ ಆದಾಯಕ್ಕೆ ತಕ್ಕಂತೆ ಶೇ. 0, 15 ಅಥವಾ 20. ನಷ್ಟವನ್ನೂ ಹೊಂದಿಸಿಕೊಳ್ಳಬಹುದು. ಊರಿಗೆ ವಾಪಸ್ ಬಂದು ನೆಲೆಸುವ ಯೋಚನೆ ಇದ್ದರೆ ಬರುವ ಮೊದಲು ಮಾರುವುದೋ ಬಂದ ಮೇಲೋ ಎಂದು ಕೂತು ಲೆಕ್ಕ ಹಾಕಿ, ವ್ಯತ್ಯಾಸ ದೊಡ್ಡದಿರಬಹುದು.

ಇಲ್ಲಿದ್ದುಕೊಂಡು ದುಬೈನಲ್ಲಿ "ಕ್ರಿಪ್ಟೋ ಕೊಟ್ಟು ಫ್ಲ್ಯಾಟ್" ರೀಲ್ಸ್ ನೋಡುವವರೂ ಇದ್ದಾರೆ. ಭಾರತದ ನಿವಾಸಿ ವಿದೇಶದಲ್ಲಿ ಆಸ್ತಿ ಕೊಳ್ಳಲು ದುಡ್ಡು ಕಳಿಸಬೇಕಾದ್ದು ಅಧಿಕೃತ ಬ್ಯಾಂಕ್ ಮೂಲಕ, ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ, ಒಬ್ಬರಿಗೆ ವರ್ಷಕ್ಕೆ 2,50,000 ಡಾಲರ್ ಮಿತಿಯೊಳಗೆ. ವಾಲೆಟ್‌ನಿಂದ ಅಲ್ಲಿನ ಬಿಲ್ಡರ್‌ಗೆ ಕಳಿಸಿದರೆ ಇಲ್ಲಿ ಶೇ. 30 ತೆರಿಗೆಯೂ ಉಳಿಯುತ್ತದೆ, ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ತಲೆನೋವೂ ಸೇರುತ್ತದೆ.

ನಮ್ಮ ಹುಡುಗನ ಗೃಹಪ್ರವೇಶ ಆಯಿತು. ಬ್ರೋಕರ್ ಊಟಕ್ಕೆ ಬಂದಿದ್ದ. ಕೈ ತೊಳೆಯುವಾಗ ಮೆಲ್ಲಗೆ ಕೇಳಿದ, "ಸಾರ್, ಆ ಬಿಟ್‌ಕಾಯಿನ್ ಈಗ ಕೊಂಡರೆ ಹೇಗೆ?"